ಕಕ್ಕಡದಲ್ಲಿ ಕಡತ, ಪುತ್ತರಿಗೆ ಕಾಮಗಾರಿ: ಕೊಡಗಿನ ಶಾಸಕರಿಗೊಂದು ಬಹಿರಂಗ ಪತ್ರ

ಮಡಿಕೇರಿ ಮತ್ತು ವಿರಾಜಪೇಟೆ ಕ್ಷೇತ್ರಗಳ ಮಾನ್ಯ ಶಾಸಕರಿಗೆ,

ನಮಸ್ಕಾರಗಳು.

ಕೊಡಗಿನಲ್ಲಿ ಶಾಸಕರ ಜನಸೇವೆಯನ್ನು ಯಾವ ಸೇರಿನಲ್ಲಿ ಅಳೆಯುತ್ತಾರೆಂದು ತಮಗೆ ನಾವು ಹೇಳಬೇಕಿಲ್ಲ. ಮದುವೆಗೆ ಬಂದರೇ? ಸಾವಿನ ಮನೆಗೆ ಬಂದರೇ? ಹಾಕಿ ಹಬ್ಬದ ಫೈನಲ್ ದಿನ ವೇದಿಕೆಯಲ್ಲಿದ್ದರೇ? ಊರ ದೇವರ ಉತ್ಸವಕ್ಕೆ ಮುಖ ತೋರಿಸಿದರೇ? ಈ ಸೇರು ಮಾಡಿಟ್ಟವರು ನಾವೇ ಮತದಾರರು. ಆದ್ದರಿಂದ ಭಾನುವಾರಕ್ಕೆ ಒಂಬತ್ತು ಮದುವೆ ಸುತ್ತುವ ಶಾಸಕರನ್ನು ದೂರುವ ಹಕ್ಕು ನಮಗಿಲ್ಲ. ಬರಬೇಡಿ ಎನ್ನುವುದೂ ಇಲ್ಲ. ಬನ್ನಿ, ಊಟ ಮಾಡಿಯೇ ಹೋಗಿ. ಆದರೆ ಅದನ್ನು ಬದ್ಧತೆಯ ಲೆಕ್ಕಕ್ಕೆ ಹಿಡಿಯಬೇಡಿ. ಈ ಜಿಲ್ಲೆಯಲ್ಲಿ ಶಾಸಕರ ಬದ್ಧತೆ ಕಾಣುವುದು ಯಾವ ಕಾಗದ ಯಾವ ತಿಂಗಳಲ್ಲಿ ಅವರ ಮೇಜಿನಿಂದ ಎದ್ದಿತು ಎಂಬುದರಲ್ಲಿ. ಮಂಡ್ಯದಲ್ಲೋ ಬಳ್ಳಾರಿಯಲ್ಲೋ ಮಾರ್ಚ್‌ನಲ್ಲಿ ಮಂಜೂರಾದ ಕೆಲಸವನ್ನು ಜುಲೈನಲ್ಲಿ ಮಾಡಬಹುದು. ಇಲ್ಲಿ ಜುಲೈನಲ್ಲಿ ಮಾಡಿದರೆ ಆಗಸ್ಟ್‌ನಲ್ಲಿ ಅದು ಹೊಳೆಯಲ್ಲಿರುತ್ತದೆ.

1956ರ ನವೆಂಬರ್ 1ರವರೆಗೆ ಕೊಡಗಿಗೆ 24 ಸದಸ್ಯರ ಸ್ವಂತ ವಿಧಾನಸಭೆ ಇತ್ತು. ವಿಲೀನದ ನಂತರದ ದಶಕಗಳಲ್ಲಿ ಮೂರು ಕ್ಷೇತ್ರಗಳಿದ್ದವು. 2008ರ ಪುನರ್ವಿಂಗಡಣೆಯಲ್ಲಿ ಸೋಮವಾರಪೇಟೆ ಕ್ಷೇತ್ರ ಹೋಗಿ ಎರಡು ಉಳಿದವು. 2011ರ ಜನಗಣತಿಯ 5,54,519 ಜನರನ್ನು, 4,102 ಚದರ ಕಿಲೋಮೀಟರನ್ನು ಇಬ್ಬರಿಗೆ ಹಂಚಿದರೆ ತಮ್ಮಲ್ಲಿ ಒಬ್ಬೊಬ್ಬರ ಪಾಲಿಗೆ ಎರಡು ಸಾವಿರ ಚದರ ಕಿಲೋಮೀಟರ್ ಬೆಟ್ಟ, ಕಾಡು, ಗದ್ದೆ, ತೋಟ ಬರುತ್ತದೆ. ಸಾಲದ್ದಕ್ಕೆ 2021ರಲ್ಲಿ ಅವಧಿ ಮುಗಿದ ಜಿಲ್ಲಾ, ತಾಲ್ಲೂಕು ಪಂಚಾಯತ್‌ಗಳಿಗೆ ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಅವರ ಪಾಲಿನ ಅಹವಾಲೂ ತಮ್ಮ ಮನೆ ಬಾಗಿಲಿಗೇ ಬಂತು. ಮೋರಿ ಮುಚ್ಚಿದರೂ ಶಾಸಕರು, ಬೀದಿದೀಪ ಕೆಟ್ಟರೂ ಶಾಸಕರು. ಇಷ್ಟು ಹೊರೆ ಇದ್ದಾಗ ಎಲ್ಲೆಡೆ ಓಡಾಡುವುದು ಸೇವೆಯಂತೆ ಕಾಣುತ್ತದೆ. ಓಡಾಡಿ ಆಗದ ಕೆಲಸ ಎಷ್ಟೋ ವೇಳೆ ಕಚೇರಿಯಲ್ಲಿ ಕುಳಿತು ಸರಿಯಾದ ವಾರದಲ್ಲಿ ಹಾಕಿದ ಒಂದು ಸಹಿಯಿಂದ ಆಗುತ್ತದೆ.

ಮೊದಲು ರಸ್ತೆ, ಮೋರಿ, ತಡೆಗೋಡೆಗಳ ವಿಚಾರ. ತಮ್ಮ ಕಚೇರಿಗೆ ಬರುವ ಅರ್ಜಿಗಳಲ್ಲಿ ಇವೇ ಹೆಚ್ಚು.

ಕೊಡಗಿನಲ್ಲಿ ಮಣ್ಣು, ಕಾಂಕ್ರೀಟ್, ಡಾಂಬರಿನ ಕೆಲಸಕ್ಕೆ ಸಿಗುವುದು ನವೆಂಬರ್ ಕೊನೆಯಿಂದ ಮೇ ಮಧ್ಯದವರೆಗಿನ ಐದೂವರೆ ತಿಂಗಳು. ಅದರಲ್ಲೂ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಕಾಫಿ ಕೊಯ್ಲು, ಅದರ ಬೆನ್ನಿಗೆ ಕರಿಮೆಣಸು. ಆಳುಗಳೆಲ್ಲ ತೋಟದಲ್ಲಿರುತ್ತಾರೆ. ಇನ್ನೊಂದು ಕಡೆ ಟೆಂಡರಿನ ಲೆಕ್ಕ ನೋಡಿ. ಸರ್ಕಾರಿ ಖರೀದಿಯ 1999ರ ಪಾರದರ್ಶಕತೆ ಕಾಯ್ದೆಯಡಿಯ ನಿಯಮಗಳಂತೆ ಟೆಂಡರಿಗೆ ಮೊತ್ತಕ್ಕೆ ತಕ್ಕ ಕನಿಷ್ಠ ಕಾಲಾವಕಾಶ ಕೊಡಬೇಕು. ಅದರ ಮುಂಚೆ ಅಂದಾಜು ಪಟ್ಟಿ, ತಾಂತ್ರಿಕ ಮಂಜೂರಾತಿ, ಆಡಳಿತಾತ್ಮಕ ಅನುಮೋದನೆ. ಅದರ ನಂತರ ತಾಂತ್ರಿಕ ಲಕೋಟೆ, ಆರ್ಥಿಕ ಲಕೋಟೆ, ಕರಾರು, ಕಾರ್ಯಾದೇಶ. ಎಲ್ಲೂ ತಡೆಯಾಗದಿದ್ದರೂ ನಾಲ್ಕು ತಿಂಗಳು ಹಿಡಿಯುತ್ತದೆ. ಡಿಸೆಂಬರ್‌ನಲ್ಲಿ ತಾವು ಶಿಫಾರಸು ಮಾಡಿದ ಕೆಲಸಕ್ಕೆ ಏಪ್ರಿಲ್‌ನಲ್ಲಿ ಕಾರ್ಯಾದೇಶ ಸಿಗುತ್ತದೆ, ಗುತ್ತಿಗೆದಾರ ಜಲ್ಲಿ ಇಳಿಸುವಾಗ ಮೇ ಆಗಿರುತ್ತದೆ. ಮೊದಲ ಮಳೆಗೆ ಹಾಕಿದ ಡಾಂಬರು ಏಳುವುದನ್ನು ಕಂಡು ಜನ ಕಮಿಷನ್ ಹೊಡೆದರು ಎನ್ನುತ್ತಾರೆ. ಹೊಡೆದಿರಲೂಬಹುದು. ಆದರೆ ಒಂದು ರೂಪಾಯಿ ಸೋರದಿದ್ದರೂ ಆ ರಸ್ತೆ ಎದ್ದೇ ಏಳುತ್ತಿತ್ತು. ಒದ್ದೆ ನೆಲಕ್ಕೆ ಡಾಂಬರು ಕಚ್ಚುವುದಿಲ್ಲ, ಘಟ್ಟದ ಚಳಿಗಾಳಿಯಲ್ಲಿ ದೂರದ ಪ್ಲಾಂಟ್‌ನಿಂದ ಬಂದ ಮಿಶ್ರಣ ರೋಲರ್ ಹತ್ತುವ ಮೊದಲೇ ಆರಿರುತ್ತದೆ.

ಅದಕ್ಕೇ ನಾವು ಹೇಳುವುದು: ಕಡತ ಮಳೆಯಲ್ಲಿ ಓಡಲಿ. ನೆನಪಿಗೆ ಬೇರೆ ಕ್ಯಾಲೆಂಡರ್ ಬೇಡ, ನಮ್ಮ ಹಬ್ಬಗಳೇ ಸಾಕು. ಆಗಸ್ಟ್ ಆರಂಭದಲ್ಲಿ, ಕಕ್ಕಡ ತಿಂಗಳ ಹದಿನೆಂಟರಂದು ಮದ್ದುಸೊಪ್ಪಿನ ಪಾಯಸ ಉಣ್ಣುವ ಹೊತ್ತಿಗೆ ಅಂದಾಜು ಪಟ್ಟಿಗಳು ಸಿದ್ಧವಿರಬೇಕು. ಸೆಪ್ಟೆಂಬರ್ ಮೊದಲ ವಾರ, ಕೈಲ್‌ಪೊಳ್ದ್ ಹೊತ್ತಿಗೆ, ಜಿಲ್ಲಾಧಿಕಾರಿಗಳ ಅನುಮೋದನೆ ಆಗಿರಬೇಕು. ಅಕ್ಟೋಬರ್ ಮಧ್ಯದ ಕಾವೇರಿ ತೀರ್ಥೋದ್ಭವಕ್ಕೆ ಟೆಂಡರಿನ ಗಡುವು ಮುಗಿದಿರಬೇಕು. ನವೆಂಬರ್ ಕೊನೆ-ಡಿಸೆಂಬರ್ ಮೊದಲಿಗೆ ಬರುವ ಸುಗ್ಗಿಹಬ್ಬ ಪುತ್ತರಿಗೆ ಕದಿರು ತೆಗೆಯುವ ವಾರ ಕಾರ್ಯಾದೇಶ ಗುತ್ತಿಗೆದಾರನ ಕೈಯಲ್ಲಿರಬೇಕು. ಇದಕ್ಕೆ ಹೊಸ ಕಾನೂನು ಬೇಡ, ಹೆಚ್ಚಿನ ಅನುದಾನವೂ ಬೇಡ. ಜೂನ್‌ನಲ್ಲೇ ತಾವು ಪಟ್ಟಿ ಕೊಟ್ಟರಾಯಿತು.

ಜೂನ್-ಜುಲೈನಲ್ಲಿ ಅಂದಾಜು ಮಾಡಿಸುವುದರಲ್ಲಿ ಇನ್ನೊಂದು ಲಾಭವಿದೆ, ನಮ್ಮ ಮಟ್ಟಿಗೆ ಅದೇ ದೊಡ್ಡದು. ಫೆಬ್ರವರಿಯಲ್ಲಿ ಸ್ಥಳಕ್ಕೆ ಬರುವ ಎಂಜಿನಿಯರಿಗೆ ರಸ್ತೆ ಕಾಣುತ್ತದೆ, ನೀರು ಕಾಣುವುದಿಲ್ಲ. ಒಣಗಿದ ತೋಡು (ಸಣ್ಣ ಹಳ್ಳ) ನೋಡಿ 300 ಮಿ.ಮೀ. ಪೈಪ್ ಬರೆದುಬಿಡುತ್ತಾರೆ. ಅದೇ ಜಾಗದಲ್ಲಿ ಜುಲೈನಲ್ಲಿ ಕೊಡೆ ಹಿಡಿದು ನಿಂತರೆ ಆ ತೋಡು ಎಷ್ಟಗಲ ಹರಿಯುತ್ತದೆ, ಯಾರ ತೋಟದ ನೀರು ಎಲ್ಲಿ ರಸ್ತೆಗೆ ನುಗ್ಗುತ್ತದೆ, ಬರೆಯ (ಕಡಿದಾದ ಮಣ್ಣಿನ ದಿಬ್ಬದ) ಯಾವ ಜಾಗದಲ್ಲಿ ನೀರು ಒಸರುತ್ತದೆ ಎಂಬುದೆಲ್ಲ ಕಣ್ಣಿಗೇ ಕಾಣುತ್ತದೆ. 600 ಮಿ.ಮೀ. ಪೈಪಿನ ಬಾಯಿ 300ರದ್ದಕ್ಕೆ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಅಲ್ಲದೆ ಇಲ್ಲಿ ಮೋರಿಯನ್ನು ಮುಚ್ಚುವುದು ನೀರಲ್ಲ, ಸಿಲ್ವರ್ ಓಕ್ ಎಲೆ, ಮುರಿದ ಕೊಂಬೆ, ಸವರಿ ಎಸೆದ ಕಾಫಿ ರೆಂಬೆ. ಸಣ್ಣ ಪೈಪಿಗೆ ಕೈ ಹಾಕಿ ಇವನ್ನು ತೆಗೆಯಲಾಗದು. ಒಂದು ಸಲ ಕಟ್ಟಿತೆಂದರೆ ನೀರು ರಸ್ತೆ ಮೇಲೇರಿ ಕೆಳಗಿನ ಅಂಚನ್ನು ಕೊರೆಯುತ್ತದೆ. ಬೆಳಗ್ಗೆ ಎದ್ದು ನೋಡಿದರೆ ಅರ್ಧ ರಸ್ತೆ ಇರುವುದಿಲ್ಲ. ಆಮೇಲೆ ಅದಕ್ಕೆ ಹಾಕುವ ತಡೆಗೋಡೆಯ ಖರ್ಚಿನಲ್ಲಿ ಹತ್ತು ಮೋರಿ ಆಗುತ್ತಿತ್ತು.

ತಡೆಗೋಡೆಯ ವಿಚಾರದಲ್ಲಂತೂ ಕೊಡಗು ಬಹಳ ಹಣ ಸುರಿದಿದೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ಮೊಣ್ಣಂಗೇರಿ, ಹಟ್ಟಿಹೊಳೆ ಕಡೆ ಬೆಟ್ಟ ಇಳಿದ ಮೇಲೆ, 2019ರಲ್ಲಿ ತೋರ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ ಕುಸಿದ ಮೇಲೆ ಎಲ್ಲೆಡೆ ಗೋಡೆ ಎದ್ದಿತು. ಗೋಡೆಯನ್ನು ಬೀಳಿಸುವುದು ಮಣ್ಣಿಗಿಂತ ಹೆಚ್ಚಾಗಿ ಅದರ ಬೆನ್ನಿಗೆ ನಿಂತ ನೀರು. ನೀರು ಹೊರಬರಲು ಒಂದು-ಒಂದೂವರೆ ಮೀಟರಿಗೊಂದರಂತೆ ಪೈಪು, ಗೋಡೆಯ ಬೆನ್ನಿಗೆ ಎರಡಡಿಯಷ್ಟು ದಪ್ಪಕ್ಕೆ ಕಲ್ಲು-ಜಲ್ಲಿಯ ಪದರ, ಮೇಲೆ ಬರೆಯ ನೆತ್ತಿಯಲ್ಲಿ ನೀರನ್ನು ಪಕ್ಕಕ್ಕೆ ಹಾಯಿಸುವ ಚರಂಡಿ ಇರಬೇಕು. ಉದ್ಘಾಟನೆಯ ದಿನ ತಾವು ಗೋಡೆಯ ಮುಂದೆ ನಿಲ್ಲುತ್ತೀರಿ, ಅಲ್ಲಿಂದ ಪೈಪಿನ ತೂತು ಮಾತ್ರ ಕಾಣುತ್ತದೆ. ಹಿಂದೆ ಜಲ್ಲಿ ತುಂಬಿದ್ದಾರೋ, ಅಗೆದ ಮಣ್ಣನ್ನೇ ತಳ್ಳಿದ್ದಾರೋ ತಿಳಿಯುವುದಿಲ್ಲ. ಹಾಗಾಗಿ ಉದ್ಘಾಟನೆಗಿಂತ ಗೋಡೆ ಅರ್ಧ ಎದ್ದಾಗ ಒಮ್ಮೆ ಹೋಗಿ ಬನ್ನಿ, ಹೇಳದೆ ಹೋಗಿ. ಹಿಂಬದಿಯ ಫೋಟೊ ಇಲ್ಲದ ಬಿಲ್ ಪಾಸಾಗಬಾರದು ಎಂದು ಪ್ರಗತಿ ಪರಿಶೀಲನಾ ಸಭೆಯಲ್ಲಿ ಒಂದು ಸಾಲು ನಡಾವಳಿ ಬರೆಸಿದರೆ ನೂರು ಭಾಷಣಕ್ಕೆ ಸಮ. ಅದೇ ಸಭೆಯಲ್ಲಿ ಇನ್ನೂ ಒಂದು ಮಾತು: ಬೆಟ್ಟದ ಬುಡವನ್ನು ಜೆಸಿಬಿಯಲ್ಲಿ ಕಡಿದು ನಿವೇಶನ ಮಾಡಲು ಯಾರು ಅನುಮತಿ ಕೊಟ್ಟರು ಎಂದು ಕೇಳಿ. ಬುಡ ಕಡಿದ ಇಳಿಜಾರಿಗೆ ಯಾವ ಗೋಡೆಯೂ ಶಾಶ್ವತವಲ್ಲ. ಕಡಿಸಿದವರು ನಮ್ಮವರೂ ಇದ್ದಾರೆ, ತಮ್ಮವರೂ ಇದ್ದಾರೆ, ಆ ಮಾತು ಬೇರೆ.

ಇನ್ನು ಶಾಸಕರ ಪ್ರದೇಶಾಭಿವೃದ್ಧಿ ನಿಧಿ. ವರ್ಷಕ್ಕೆ 2 ಕೋಟಿ. ಕ್ಷೇತ್ರದಲ್ಲಿ ಗ್ರಾಮ ಪಂಚಾಯತ್‌ಗಳು ಐವತ್ತರ ಆಸುಪಾಸು. ಎಲ್ಲರಿಗೂ ಸಮ ಹಂಚಿದರೆ ಪಂಚಾಯತ್‌ಗೆ 4 ಲಕ್ಷ. ಮೂರು ಮೀಟರ್ ಅಗಲ, 15 ಸೆಂಟಿಮೀಟರ್ ದಪ್ಪದ ಕಾಂಕ್ರೀಟ್ ರಸ್ತೆಗೆ ನೂರು ಮೀಟರಿಗೆ 45 ಘನ ಮೀಟರ್ ಕಾಂಕ್ರೀಟ್ ಬೇಕು. ನೆಲ ಹದ ಮಾಡಿ, ಚರಂಡಿಯನ್ನೂ ಸೇರಿಸಿದರೆ 4 ಲಕ್ಷ ಅಲ್ಲಿಗೇ ಮುಗಿಯಿತು. ಚರಂಡಿ ಬಿಟ್ಟರೆ ಇನ್ನಷ್ಟು ಉದ್ದ ಬರುತ್ತದೆ, ಫಲಕದಲ್ಲಿ ಚೆನ್ನಾಗಿ ಕಾಣುತ್ತದೆ, ಎರಡನೇ ಮಳೆಗೆ ಅಂಚು ಟೊಳ್ಳಾಗಿ ಮುರಿಯುತ್ತದೆ. ನಾಲ್ಕೂವರೆ ಮೀಟರಿಗೊಂದು ಕೀಲು ಕತ್ತರಿಸದೆ, ಹದಿನಾಲ್ಕು ದಿನ ನೀರುಣಿಸದೆ ಬಿಟ್ಟ ಕಾಂಕ್ರೀಟು ತನ್ನಷ್ಟಕ್ಕೆ ಬಿರುಕು ಬಿಡುತ್ತದೆ. ಫೆಬ್ರವರಿಯಲ್ಲಿ ಕುಡಿಯಲು ನೀರಿಲ್ಲದ ಕಡೆ ರಸ್ತೆಗೆ ನೀರು ಯಾರು ಕೊಡುತ್ತಾರೆ? ಡಿಸೆಂಬರ್‌ನಲ್ಲಿ ಮಾಡಿದ್ದರೆ ತೋಡಿನಲ್ಲಿ ನೀರಿರುತ್ತಿತ್ತು. ಮತ್ತೆ ತಿಂಗಳಿನ ಮಾತಿಗೇ ಬಂದೆವು.

ಎಲ್ಲರಿಗೂ ಒಂದೊಂದು ತುಂಡು ಕೊಟ್ಟು ಯಾರನ್ನೂ ಬೇಸರ ಪಡಿಸದಿರುವುದು ರಾಜಕೀಯವಾಗಿ ಸುಲಭ. ಟೆಂಡರ್ ತಪ್ಪಿಸಲು 5 ಲಕ್ಷದೊಳಗೆ ಕೆಲಸ ತುಂಡು ಮಾಡುವವರಿಗೂ ಅದು ಅನುಕೂಲ. ನಮ್ಮ ಕೋರಿಕೆ ಬೇರೆ. ವರ್ಷಕ್ಕೆ ಹತ್ತು ಪಂಚಾಯತ್ ಆರಿಸಿ, 20 ಲಕ್ಷದ ಒಂದೊಂದು ಪೂರ್ಣ ಕೆಲಸ ಕೊಡಿ: ಒಂದು ಊರಿಗೆ ಮಳೆಗಾಲದಲ್ಲೂ ಆಂಬುಲೆನ್ಸ್ ಹೋಗುವಂಥ ಸೇತುವೆ ಅಥವಾ ಮೋರಿಗಳ ಸರಣಿ. ಐದು ವರ್ಷದಲ್ಲಿ ಐವತ್ತಕ್ಕೂ ಸರದಿ ಬರುತ್ತದೆ. ಯಾರಿಗೆ ಯಾವ ವರ್ಷವೆಂದು ಮೊದಲೇ ಪಂಚಾಯತ್ ಸೂಚನಾ ಫಲಕಕ್ಕೆ ಹಚ್ಚಿಬಿಡಿ. ಸರದಿ ಗೊತ್ತಿದ್ದರೆ ಜನ ಕಾಯುತ್ತಾರೆ. ನಮ್ಮಲ್ಲಿ ಒಂದು ಒಕ್ಕದ (ಕೊಡವ ಮನೆತನದ) ಗದ್ದೆಗೆ ನೀರು ಬಿಡಲೂ ಸರದಿ ಇತ್ತು.

ಇನ್ನು ಪರಿಹಾರದ ವಿಷಯ. ಇಲ್ಲಿ ತಮ್ಮ ಕೈ ಎಲ್ಲಿ ಬೀಳಬೇಕೋ ಅಲ್ಲಿ ಬೀಳುತ್ತಿಲ್ಲ.

ಅತಿವೃಷ್ಟಿಗೆ ಕಾಫಿ ಕಾಯಿ ಉದುರಿದರೆ, ಕೊಳೆರೋಗ ಬಂದರೆ, ವಿಪತ್ತು ಪರಿಹಾರ ನಿಧಿಯಿಂದ ಬಹುವಾರ್ಷಿಕ ಬೆಳೆಗೆ ಸಿಗುವುದು 2022-26ರ ಮಾರ್ಗಸೂಚಿಯಂತೆ ಹೆಕ್ಟೇರಿಗೆ 22,500 ರೂಪಾಯಿ. ಎಕರೆ ಲೆಕ್ಕದಲ್ಲಿ ಸುಮಾರು 9,100. ಅದೂ ಎರಡು ಹೆಕ್ಟೇರಿಗೆ ಮಿತಿ, ಅದೂ ಶೇ 33 ಅಥವಾ ಅದಕ್ಕಿಂತ ಹೆಚ್ಚು ನಷ್ಟವಾಗಿದ್ದರೆ. ಪ್ರತಿ ವರ್ಷ ತಾವು ಮೊತ್ತ ಹೆಚ್ಚಿಸಿ ಎಂದು ಮನವಿ ಕೊಡುತ್ತೀರಿ, ಪತ್ರಿಕೆಯಲ್ಲಿ ಬರುತ್ತದೆ. ಬೇಡವೆನ್ನುವುದಿಲ್ಲ. ಆದರೆ ಅನೇಕರಿಗೆ ಈ 9,100 ಕೂಡ ಸಿಗದೆ ಹೋಗುವ ಕಾರಣ ಬೇರೆಯೇ ಇದೆ.

ಒಂದು, ಪಹಣಿ. ಜಮ್ಮಾ (ಕೊಡಗಿನ ವಂಶಪಾರಂಪರ್ಯ ಹಿಡುವಳಿ) ಜಮೀನಿನ ಪಹಣಿಯ ಒಂಬತ್ತನೇ, ಅಂದರೆ ಮಾಲೀಕರ, ಕಾಲಂನಲ್ಲಿ ಒಕ್ಕದ ಮುಖ್ಯಸ್ಥರಾದ ಪಟ್ಟೇದಾರರ ಹೆಸರಿರುತ್ತದೆ. ಅವರು ತೀರಿಹೋಗಿ ಮೂವತ್ತು ವರ್ಷ ಆಗಿರಬಹುದು. ಅವರ ಕೆಳಗೆ ಒಕ್ಕದ ಇಪ್ಪತ್ತು ಪಾಲುದಾರರು. ತೋಟ ನೋಡಿಕೊಳ್ಳುವವನು ಅವರಲ್ಲೊಬ್ಬ. ಅವನ ಹೆಸರಲ್ಲಿ ಪಹಣಿ ಇಲ್ಲ, ಆದ್ದರಿಂದ ಫ್ರೂಟ್ಸ್ ಐಡಿಗೆ (ಸರ್ಕಾರದ ರೈತ ನೋಂದಣಿ ಸಂಖ್ಯೆಗೆ) ಆ ಸರ್ವೆ ನಂಬರ್ ಜೋಡಣೆಯಾಗಿಲ್ಲ, ಆದ್ದರಿಂದ ಪರಿಹಾರ ತಂತ್ರಾಂಶ ಅವನನ್ನು ರೈತನೆಂದೇ ಒಪ್ಪುವುದಿಲ್ಲ. ಎರಡು, ಬೆಳೆ ಸಮೀಕ್ಷೆ. ಮೊಬೈಲಿನಲ್ಲಿ ಸಮೀಕ್ಷೆ ಮಾಡಿದವರು ಕಾಫಿ, ಕರಿಮೆಣಸು, ಅಡಿಕೆ ಮೂರೂ ಇರುವ ತೋಟಕ್ಕೆ ಒಂದೇ ಬೆಳೆ ಬರೆದಿರುತ್ತಾರೆ, ಕೆಲವೊಮ್ಮೆ ಭತ್ತ ಎಂದಿರುತ್ತದೆ. ನಷ್ಟದ ವರದಿಯಲ್ಲಿ ಕಾಫಿ, ದಾಖಲೆಯಲ್ಲಿ ಭತ್ತ. ಎರಡೂ ತಾಳೆಯಾಗದೆ ಅರ್ಜಿ ಅಲ್ಲೇ ನಿಲ್ಲುತ್ತದೆ. ಮೂರು, ಜಂಟಿ ಸಮೀಕ್ಷೆಯ ದಿನ. ಕಾಫಿಗೆ ಕಾಫಿ ಮಂಡಳಿ, ಮೆಣಸಿಗೆ ತೋಟಗಾರಿಕೆ ಇಲಾಖೆ, ಜಮೀನಿಗೆ ಕಂದಾಯ. ಮೂವರೂ ಒಟ್ಟಿಗೆ ತೋಟಕ್ಕೆ ಬರುವಾಗ ಉದುರಿದ ಕಾಯಿ ಕೊಳೆತು ಮಣ್ಣಾಗಿರುತ್ತದೆ ಅಥವಾ ತೋಡು ಸೇರಿರುತ್ತದೆ. ಗಿಡದಲ್ಲಿ ಉಳಿದದ್ದನ್ನು ನೋಡಿ, ಉದುರಿದ್ದು ಶೇ 33 ಆಗಿತ್ತೋ ಇಲ್ಲವೋ ಎಂದು ಯಾರು ಹೇಳಬಲ್ಲರು?

ತಾವು ಮಾಡಬಹುದಾದದ್ದು: ಮೇ ತಿಂಗಳಲ್ಲಿ, ಮಳೆಗೆ ಮುಂಚೆ, ಹೋಬಳಿಗೊಂದು ಎರಡು ದಿನದ ಶಿಬಿರ. ಒಂದೇ ಮೇಜಿನ ಸುತ್ತ ಉಪ ತಹಶೀಲ್ದಾರ್, ಕಂದಾಯ ನಿರೀಕ್ಷಕ, ಗ್ರಾಮ ಆಡಳಿತಾಧಿಕಾರಿ, ಭೂಮಾಪಕ, ಫ್ರೂಟ್ಸ್ ನೋಂದಣಿಗೆ ಕಂಪ್ಯೂಟರ್ ಇಟ್ಟುಕೊಂಡ ಒಬ್ಬರು. ತೀರಿಹೋದವರ ಖಾತೆಯನ್ನು ವಾರಸುದಾರರಿಗೆ ಮಾಡಿಕೊಡುವ ಪೌತಿ ಖಾತೆಗೆ ಬೇಕಾದ ಮರಣ ಪ್ರಮಾಣಪತ್ರ, ವಂಶವೃಕ್ಷ, ಉಳಿದ ಪಾಲುದಾರರ ಒಪ್ಪಿಗೆ ಈ ಮೂರನ್ನೂ ತರಲು ಹದಿನೈದು ದಿನ ಮೊದಲೇ ಡಂಗುರ ಸಾರಿಸಿ. ಒಪ್ಪಿಗೆ ಕೊಡಬೇಕಾದವರಲ್ಲಿ ಒಬ್ಬ ಬೆಂಗಳೂರಲ್ಲಿ, ಒಬ್ಬ ಸೇನೆಯಲ್ಲಿ, ಒಬ್ಬ ಮಾತು ಬಿಟ್ಟವನು. ಕೊಡಗಿನ ಯಾವ ಒಕ್ಕದಲ್ಲೂ ಈ ಮೂವರು ತಪ್ಪುವುದಿಲ್ಲ. ಆದ್ದರಿಂದ ಶಿಬಿರದ ತಾರೀಖನ್ನು ಊರಿಗೆ ಎಲ್ಲರೂ ಬಂದಿರುವ ಹಬ್ಬದ ಮಗ್ಗುಲಿಗೆ ಇಟ್ಟರೆ ಇನ್ನೂ ಒಳ್ಳೆಯದು. ಸಮೀಕ್ಷೆಯ ವಿಚಾರಕ್ಕೆ ಬಂದರೆ, ಜೂನ್ ಮೊದಲ ವಾರವೇ ಬೆಳೆಗಾರರು ತೋಟದ ನಾಲ್ಕು ಮೂಲೆಯಲ್ಲೂ ನಡುವಿನಲ್ಲೂ ಒಂದೊಂದು ಗಿಡಕ್ಕೆ ಬಣ್ಣ ಬಳಿದು, ಗೊಂಚಲಿನ ಕಾಯಿ ಎಣಿಸಿ, ದಿನಾಂಕ ಸಹಿತ ಫೋಟೊ ಇಟ್ಟುಕೊಳ್ಳಲಿ. ಆ ಫೋಟೊವನ್ನು ಸಮೀಕ್ಷಾ ತಂಡ ಆಧಾರವಾಗಿ ಒಪ್ಪಬೇಕೆಂಬ ಲಿಖಿತ ಸೂಚನೆಯನ್ನು ಜಿಲ್ಲಾಡಳಿತದಿಂದ ಹೊರಡಿಸುವ ಕೆಲಸ ತಮ್ಮದು.

ಆನೆ ದಾಳಿಯ ಪರಿಹಾರಕ್ಕೂ ಇದೇ ಪಹಣಿಯ ಗಂಟು. ಅರ್ಜಿ ವಲಯ ಅರಣ್ಯ ಕಚೇರಿಗೆ ಹೋದರೂ ಕೇಳುವುದು ಅದೇ ಒಂಬತ್ತನೇ ಕಾಲಂ. ಆನೆ ಪಟ್ಟೇದಾರರನ್ನು ವಿಚಾರಿಸಿ ತೋಟಕ್ಕೆ ಇಳಿಯುವುದಿಲ್ಲವಲ್ಲ. ತಡೆಯ ವಿಷಯದಲ್ಲಿ ಕಂದಕ, ಸೌರ ಬೇಲಿ, ರೈಲು ಕಂಬಿಯ ಬೇಲಿ ಮೂರೂ ಬಂದಿವೆ. ಕಂದಕದ ಗೋಡೆ ನಮ್ಮ ಮಳೆಗೆ ಜರಿದು ಎರಡು-ಮೂರು ವರ್ಷದಲ್ಲಿ ಆನೆಗೆ ಮೆಟ್ಟಿಲಾಗುತ್ತದೆ. ತೂಗು ಸೌರ ಬೇಲಿ ಒಳ್ಳೆಯದೇ, ಆದರೆ ಒಂದು ಕಾಡುಬಳ್ಳಿ ತಂತಿಗೆ ತಾಗಿದರೂ ವಿದ್ಯುತ್ ನೆಲಕ್ಕಿಳಿದು ಬೇಲಿ ಸಾಯುತ್ತದೆ. ಮಳೆಗಾಲದಲ್ಲಿ ಬಳ್ಳಿ ವಾರಕ್ಕೊಮ್ಮೆ ಸವರಬೇಕು. ಮೋಡದ ದಿನಗಳಲ್ಲಿ ಬ್ಯಾಟರಿ ಇಳಿದಿರುತ್ತದೆ. ಬೇಲಿ ಹಾಕಲು ಅನುದಾನ ಇದೆ, ಬಳ್ಳಿ ಸವರುವವನಿಗೆ ಸಂಬಳ ಇಲ್ಲ. ಕಿಲೋಮೀಟರ್ ಲೆಕ್ಕದಲ್ಲಿ ಹೊಸ ಬೇಲಿ ಕೇಳುವ ಮೊದಲು, ಹಳೆಯ ಬೇಲಿಯಲ್ಲಿ ಇವತ್ತು ಎಷ್ಟು ಕಿಲೋಮೀಟರಿಗೆ ವಿದ್ಯುತ್ ಹರಿಯುತ್ತಿದೆ ಎಂದು ಕೇಳಿ. ರೈಲು ಕಂಬಿಯಲ್ಲಿ ಆನೆ ಆರಿಸುವುದು ಬಿಟ್ಟುಹೋದ ಜಾಗವನ್ನು: ಹೊಳೆ ದಾಟುವಲ್ಲಿ, ಗೇಟಿನಲ್ಲಿ, ಗುತ್ತಿಗೆ ಮುಗಿದಲ್ಲಿ.

ಭೂಮಿಯ ಅರ್ಜಿಗಳಲ್ಲಿ ತಾವು ಬರೀ ಶಿಫಾರಸು ಮಾಡುವವರಲ್ಲ, ಸರ್ಕಾರಿ ಜಮೀನಿನ ಸಾಗುವಳಿ ಸಕ್ರಮ ಮಾಡುವ ಬಗರ್ ಹುಕುಂ ಸಮಿತಿಯ ಅಧ್ಯಕ್ಷರೇ ತಾವು. ಸಭೆ ಕರೆಯದಿದ್ದರೆ ನಮೂನೆ 50, 53, 57ರ ಅರ್ಜಿಗಳು ತಹಶೀಲ್ದಾರರ ಕಪಾಟಿನಲ್ಲೇ ವಯಸ್ಸಾಗುತ್ತವೆ. ಕೊಡಗಿಗೆ ಇದರಲ್ಲಿ ಎರಡು ವಿಶೇಷ ತೊಡಕು. ಸಾಗುವಳಿ ಇದೆಯೇ ಎಂದು ಈಗ ಉಪಗ್ರಹ ಚಿತ್ರ ನೋಡುತ್ತಾರೆ. ಮೇಲಿನಿಂದ ನೋಡಿದರೆ ಮರದ ನೆರಳಿನ ಕಾಫಿ ತೋಟ ಕಾಡಿನಂತೆಯೇ ಕಾಣುತ್ತದೆ. ಬಯಲುಸೀಮೆಯ ರಾಗಿ ಹೊಲಕ್ಕೆ ಸರಿಹೋಗುವ ಈ ಅಳತೆ ಇಲ್ಲಿ ಸಾಲದು, ಸ್ಥಳ ತನಿಖೆಯ ಮಹಜರು ಸೇರಲೇಬೇಕು. ಇನ್ನೊಂದು ಸಿ ಮತ್ತು ಡಿ ದರ್ಜೆಯ ಜಮೀನು, ಸೋಮವಾರಪೇಟೆ ಕಡೆಯ ದೊಡ್ಡ ಗಾಯ. ಕಂದಾಯ, ಅರಣ್ಯ ಇಬ್ಬರೂ ತಮ್ಮದೆನ್ನುವ ಸರ್ವೆ ನಂಬರಿನಲ್ಲಿ ಜಂಟಿ ಸರ್ವೆ ಆಗದೆ ಸಮಿತಿ ಏನು ತೀರ್ಮಾನಿಸಿದರೂ ನಿಲ್ಲುವುದಿಲ್ಲ. ಯಾವ ಹೋಬಳಿಯ ಜಂಟಿ ಸರ್ವೆ ಯಾವ ತಿಂಗಳು ಎಂಬ ಪಟ್ಟಿ ಮೊದಲು ಮಾಡಿಸಿ, ಹೇಳಿಕೆ ಆಮೇಲೆ ಕೊಡಿ.

ಒತ್ತುವರಿ ತೋಟವನ್ನು 25 ಎಕರೆವರೆಗೆ 30 ವರ್ಷ ಗುತ್ತಿಗೆಗೆ ಕೊಡುವ ತಿದ್ದುಪಡಿ ಬಂದಾಗ ಕೊಡಗಿನಲ್ಲಿ ಬಹಳ ಚರ್ಚೆಯಾಯಿತು. 25 ಎಕರೆ ಇದ್ದವರಿಗೆ ವಕೀಲರು ಸಿಗುತ್ತಾರೆ. ಪೈಸಾರಿಯಲ್ಲಿ (ಸರ್ಕಾರಿ ಜಾಗದಲ್ಲಿ) ಮೂರು ಸೆಂಟಿನ ಗುಡಿಸಲಿನ ಸಕ್ರಮಕ್ಕೆ 94ಸಿ ಅರ್ಜಿ ಕೊಟ್ಟವರಿಗೆ, ತೋಟದ ಲೈನ್ ಮನೆಯಲ್ಲೇ ಮೂರು ತಲೆಮಾರು ಕಳೆದ ಯರವ, ಕುರುಬರಿಗೆ ತಾವೇ ವಕೀಲರು. ಅರಣ್ಯ ಹಕ್ಕು ಕಾಯ್ದೆಯ ಅರ್ಜಿ ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ತಿಳಿಸಬೇಕು. ಗ್ರಾಮಸಭೆಯ ನಿರ್ಣಯದ ವಿರುದ್ಧ 60 ದಿನದೊಳಗೆ ಉಪವಿಭಾಗ ಮಟ್ಟದ ಸಮಿತಿಗೆ ಹೋಗಬಹುದು. ಹಾಡಿಯ (ಆದಿವಾಸಿ ಊರಿನ) ಹಿರಿಯರ ಲಿಖಿತ ಹೇಳಿಕೆಯೂ ಕಾನೂನಿನಂತೆ ಸಾಕ್ಷ್ಯವೇ. ಈ ಮೂರು ವಾಕ್ಯಗಳನ್ನು ಹಾಡಿಯಲ್ಲಿ ಓದಿ ಹೇಳುವವರಿಲ್ಲದೆ ಎಷ್ಟೋ ಗಡುವು ಸುಮ್ಮನೆ ಕಳೆದುಹೋಗುತ್ತದೆ. ಈ ಸಮಿತಿಗಳಲ್ಲಿ ಜಿಲ್ಲಾ, ತಾಲ್ಲೂಕು ಪಂಚಾಯತ್ ಪ್ರತಿನಿಧಿಗಳಿಗೆ ಮೀಸಲಾದ ಸ್ಥಾನಗಳಿವೆ. ಪಂಚಾಯತ್‌ಗಳೇ ಇಲ್ಲದ ವರ್ಷಗಳಲ್ಲಿ ಅಲ್ಲಿ ಕುಳಿತವರು ಯಾರು ಎಂದು ಸದನದಲ್ಲಿ ಕೇಳಬೇಕಾದವರು ತಾವು.

ಸದನದ ಮಾತು ಬಂತು. ಕೊಡಗಿನ ವಿಷಯ ಶೂನ್ಯ ವೇಳೆಯಲ್ಲಿ ಆವೇಶದಿಂದ ಬರುತ್ತದೆ, ವಿಡಿಯೊ ತುಣುಕು ವಾಟ್ಸಾಪ್‌ನಲ್ಲಿ ಓಡುತ್ತದೆ, ಅಲ್ಲಿಗೆ ಮುಗಿಯುತ್ತದೆ. ಅದಕ್ಕಿಂತ ಒಂದು ಚುಕ್ಕೆ ಗುರುತಿಲ್ಲದ ಪ್ರಶ್ನೆ ಹೆಚ್ಚು ಕೆಲಸ ಮಾಡುತ್ತದೆ. 15 ದಿನ ಮೊದಲು ಸೂಚನೆ ಕೊಟ್ಟರೆ ಇಲಾಖೆ ಅಂಕಿಅಂಶವನ್ನು ಬರೆದು ಕೊಡಲೇಬೇಕು. ಉತ್ತರದಲ್ಲಿ ಸಚಿವರು ಕೊಟ್ಟ ಮಾತು ಭರವಸೆಯೆಂದು ದಾಖಲಾದರೆ ಸರ್ಕಾರಿ ಭರವಸೆಗಳ ಸಮಿತಿ ಅದರ ಬೆನ್ನು ಹತ್ತುತ್ತದೆ. ಆದರೆ ಪ್ರಶ್ನೆ ಸರಿಯಾಗಿ ಕೇಳಬೇಕು. "ಕೊಡಗಿನಲ್ಲಿ ಪರಿಹಾರ ವಿಳಂಬ ಸರ್ಕಾರದ ಗಮನಕ್ಕೆ ಬಂದಿದೆಯೇ?" ಎಂದು ಕೇಳಿದರೆ "ಬಂದಿದೆ" ಎಂಬ ಉತ್ತರ ಬರುತ್ತದೆ. "ಹೋಬಳಿವಾರು ಎಷ್ಟು ಅರ್ಜಿ, ಎಷ್ಟು ತಿರಸ್ಕೃತ, ಅದರಲ್ಲಿ ಪಹಣಿ ಹೊಂದಾಣಿಕೆ ಇಲ್ಲದ ಕಾರಣಕ್ಕೆ ಎಷ್ಟು?" ಎಂದು ಕೇಳಿ. ಸಿಗುವ ಪಟ್ಟಿಯೇ ಮುಂದಿನ ಮೇ ಶಿಬಿರದ ಕಾರ್ಯಸೂಚಿ.

ಕೊನೆಗೆ ತಮ್ಮ ಲೆಟರ್‌ಹೆಡ್ ಬಗ್ಗೆ. ಜಾತಿ ಪ್ರಮಾಣಪತ್ರಕ್ಕೆ, ಪಿಂಚಣಿಗೆ, ಪಡಿತರ ಚೀಟಿಗೆ ಶಾಸಕರ ಪತ್ರ ಹಿಡಿದು ನಿಲ್ಲುವ ಸಾಲು ಕಚೇರಿಯ ಘನತೆ ಹೆಚ್ಚಿಸುವುದಿಲ್ಲ. ಇಂಥ ಸೇವೆಗಳಿಗೆ 2011ರ ಸಕಾಲ ಕಾಯ್ದೆಯಲ್ಲಿ ದಿನಗಳ ಗಡುವಿದೆ, ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರವೂ ಇದೆ. ತಮ್ಮ ಆಪ್ತ ಸಹಾಯಕರು ಪತ್ರ ಬರೆದುಕೊಡುವ ಬದಲು "ಸಕಾಲ ಸಂಖ್ಯೆ ತಂದಿದ್ದೀರಾ?" ಎಂದು ಕೇಳಲಿ. ಇಲ್ಲದಿದ್ದರೆ ಅರ್ಜಿ ಹಾಕಿಸಲಿ, ಇದ್ದರೆ ಗಡುವು ಮೀರಿದೆಯೇ ನೋಡಿ ಮೇಲ್ಮನವಿ ಹಾಕಿಸಲಿ. ತಿಂಗಳ ಕೊನೆಗೆ ಗಡುವು ಮೀರಿದವುಗಳ ಪಟ್ಟಿ ತಹಶೀಲ್ದಾರರ ಮುಂದೆ ಇಡಿ. ಇಷ್ಟಾದರೆ ಸಾಲು ತಾನಾಗಿ ಕರಗುತ್ತದೆ. ಸಾಲು ಕರಗುವುದು ಎಲ್ಲ ಶಾಸಕರಿಗೂ ಇಷ್ಟವೇ ಎಂಬುದು ಮಾತ್ರ ನಮಗಿರುವ ಸಣ್ಣ ಅನುಮಾನ.

ಆಸ್ಪತ್ರೆ, ಶಾಲೆ ವಿಚಾರ ಇನ್ನೊಂದು ಪತ್ರಕ್ಕೆ ಇಡುತ್ತೇವೆ. ವಿದ್ಯುತ್ತಿನದು ಒಂದೇ ಸಾಲು: ತೋಟಗಳ ನಡುವಿನ ಹೈಟೆನ್ಷನ್ ತಂತಿಯ ಬದಿಯ ಕೊಂಬೆ ಕಡಿಯುವುದು ಏಪ್ರಿಲ್‌ನ ಕೆಲಸ, ಮರ ಬಿದ್ದ ಮೇಲೆ ಲೈನ್‌ಮನ್ ಹುಡುಗರನ್ನು ಸುರಿವ ಮಳೆಯಲ್ಲಿ ಕಂಬ ಹತ್ತಿಸುವುದು ಕೆಲಸವಲ್ಲ. ಕರಡಿಗೋಡು, ಗುಹ್ಯ, ನೆಲ್ಯಹುದಿಕೇರಿಯ ಹೊಳೆಬದಿಯವರಿಗೆ ಪ್ರತಿ ಜೂನ್‌ನಲ್ಲಿ ಜಾಗ ಖಾಲಿ ಮಾಡಿ ಎಂಬ ನೋಟಿಸಿನ ಜೊತೆಗೆ ಎಲ್ಲಿಗೆ ಹೋಗಬೇಕೆಂಬ ಹಕ್ಕುಪತ್ರವೂ ಬರಲಿ.

ಮುಂದಿನ ತ್ರೈಮಾಸಿಕ ಕೆಡಿಪಿ (ಪ್ರಗತಿ ಪರಿಶೀಲನಾ) ಸಭೆಗೆ ನಮ್ಮ ಬೇಡಿಕೆ ನಾಲ್ಕೇ. ನಿಧಿಯ ಐದು ವರ್ಷದ ಸರದಿ ಪಟ್ಟಿ, ಜುಲೈನಲ್ಲಿ ಅಂದಾಜು ಆಗಬೇಕಾದ ಮೋರಿ-ಸೇತುವೆಗಳ ಹೆಸರು, ಹೋಬಳಿವಾರು ಪಹಣಿ ಶಿಬಿರದ ತಾರೀಖು, ಬಗರ್ ಹುಕುಂ ಸಭೆಗಳ ದಿನಗಳು. ಸಭೆ ಮುಗಿದ ವಾರದೊಳಗೆ ನಾಲ್ಕನ್ನೂ ಪಂಚಾಯತ್‌ಗಳ ಫಲಕಕ್ಕೆ ಹಚ್ಚಿಸಿ. ಆಮೇಲೆ ಬರುವ ಭಾನುವಾರ ಮದುವೆಗೆ ತಡವಾಗಿ ಬಂದರೂ ಪರವಾಗಿಲ್ಲ, ಊಟ ಎತ್ತಿಟ್ಟಿರುತ್ತೇವೆ.

ಇಂತಿ,
ಕೊಡಗಿನ ಕೆಲವು ಮತದಾರರು